ಆಟದ ಬಂದೂಕು ಗುರಿ ತಪ್ಪುತ್ತಿದ್ದರೆ: ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳ ಗುಂಡು ನಿಯಮಗಳಿಗೆ ದೋಷ ನಿವಾರಣೆ ಕೈಪಿಡಿ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಎಂದರೆ ಮೇಜಿನ ಸುತ್ತ ಕುಳಿತು, ಪ್ರತಿಯೊಬ್ಬರೂ ಒಂದು ಪಾತ್ರವಾಗಿ, ದಾಳ ಎಸೆದು ಫಲಿತಾಂಶ ನಿರ್ಧರಿಸುತ್ತ ಕಥೆ ಕಟ್ಟುವ ಆಟ. ಮುದ್ರಿತ ನಿಯಮಗಳನ್ನು ತಮ್ಮ ಬಳಗಕ್ಕೆ ತಕ್ಕಂತೆ ತಿದ್ದಿಕೊಂಡು, ಇಲ್ಲವೇ ತಾವೇ ನಿಯಮ ಬರೆದುಕೊಂಡು ಆಟ ನಡೆಸುವ ಗೇಮ್ ಮಾಸ್ಟರ್‌ಗಳಿಗಾಗಿ ಈ ಕೈಪಿಡಿಯನ್ನು ಬರೆಯಲಾಗಿದೆ. ಬಂದೂಕಿನ ನಿಯಮ ಸರಿಯಿಲ್ಲ ಎಂಬ ದೂರು ಬಂದ ಕೂಡಲೇ ಹೊಸ ಕೋಷ್ಟಕ ಬರೆಯಲು ಕುಳಿತುಬಿಡುವವರೇ ಹೆಚ್ಚು. ಆದರೆ ದೋಷ ಅನೇಕ ಸಲ ಕೋಷ್ಟಕದಲ್ಲಿರುವುದಿಲ್ಲ. ಗುಂಡು ಗುರಿ ತಪ್ಪುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ: ಬಂದೂಕು ಮತ್ತು ತೋಟಾದ ಸ್ವಂತ ಹರಡಿಕೆ, ಹಿಡಿದವರ ಕೈಯ ಅಲುಗಾಟ, ಮತ್ತು ಎದುರಿನಿಂದಲೂ ಗುಂಡು ಬರುತ್ತಿರುವಾಗಿನ ಗಾಬರಿ. ಈ ಮೂರನ್ನೂ ಒಂದೇ ಅಂಕಿಗೆ ತುರುಕಿದಾಗ ನಿಯಮ ಒಂದು ಸನ್ನಿವೇಶದಲ್ಲಿ ಸರಿಬಂದು ಇನ್ನೊಂದರಲ್ಲಿ ಕೆಡುತ್ತದೆ. ಆದ್ದರಿಂದ ಪ್ರತಿ ಲಕ್ಷಣದ ಮುಂದೆಯೂ ಮೊದಲು ಕೇಳಬೇಕಾದ ಪ್ರಶ್ನೆ, ಈ ಮೂರರಲ್ಲಿ ಇಲ್ಲಿ ದೊಡ್ಡದು ಯಾವುದು ಎಂಬುದು.

ಆರಂಭಿಸುವ ಮುನ್ನ ಎಚ್ಚರಿಕೆ

ನಿಯಮ ಪರೀಕ್ಷಿಸಲು ಕಾಗದ, ದಾಳ ಮತ್ತು ಸ್ಪ್ರೆಡ್‌ಶೀಟ್ ಸಾಕು. ಅಸಲಿ ಬಂದೂಕನ್ನಾಗಲಿ, ಏರ್‌ಗನ್ನನ್ನಾಗಲಿ, ಅಸಲಿಯಂತೆಯೇ ಕಾಣುವ ಆಟಿಕೆಯನ್ನಾಗಲಿ ಆಟದ ಮೇಜಿಗೆ ತರಬಾರದು. ಪರವಾನಗಿ ಇರುವವರ ಮನೆಯಲ್ಲಿ ಆಟ ನಡೆದರೂ ಈ ಮಾತು ಅನ್ವಯಿಸುತ್ತದೆ, ಕೆಫೆಯಂತಹ ಸಾರ್ವಜನಿಕ ಜಾಗದಲ್ಲಂತೂ ಹೇಳಬೇಕಾಗಿಯೇ ಇಲ್ಲ. ಎರಡನೆಯದು, ಗುಂಡು ದೇಹದ ಯಾವ ಭಾಗಕ್ಕೆ ತಗುಲಿತು ಎಂಬ ನಿಯಮ ತಾನಾಗಿಯೇ ಗಾಯದ ವರ್ಣನೆಗೆ ಎಳೆದೊಯ್ಯುತ್ತದೆ. ಯಾವ ಮಟ್ಟದ ವರ್ಣನೆ ತಮಗೆ ಒಗ್ಗುತ್ತದೆ ಎಂಬುದನ್ನು ಪ್ರತಿ ಆಟಗಾರರಿಂದಲೂ ಮೊದಲೇ, ಸಾಧ್ಯವಾದರೆ ಒಬ್ಬೊಬ್ಬರಾಗಿ, ಕೇಳಿ ತಿಳಿದುಕೊಳ್ಳಬೇಕು. ಆಟದ ನಡುವೆ ಯಾರಾದರೂ ಇರಿಸುಮುರಿಸುಗೊಂಡರೆ ಅಂಕಿಸಂಖ್ಯೆಯ ಚರ್ಚೆಯನ್ನು ಬದಿಗಿಟ್ಟು ಆಟವನ್ನು ಅಲ್ಲಿಗೇ ನಿಲ್ಲಿಸಬೇಕು.

ಲಕ್ಷಣ: "ನನ್ನ ಪಾತ್ರ ಹಾರಿಸಿದ ಗುಂಡು ಯಾರಿಗೂ ತಗುಲುವುದೇ ಇಲ್ಲ"

ಇದಕ್ಕೆ ಖರ್ಚಿಲ್ಲದ ಪರೀಕ್ಷೆ ಎಣಿಕೆ. ತಗುಲುವ ಸಂಭವ ಶೇ. 50 ಇರುವ ಪಾತ್ರ 20 ಬಾರಿ ಗುಂಡು ಹಾರಿಸಿದರೆ 10 ತಗುಲಬೇಕೆಂದು ನಾವು ನಿರೀಕ್ಷಿಸುತ್ತೇವೆ. ಆದರೆ ಲೆಕ್ಕದ ಪ್ರಕಾರ 6ರಿಂದ 14ರವರೆಗಿನ ಯಾವ ಫಲಿತಾಂಶವೂ ಅಚ್ಚರಿಯದಲ್ಲ. ಅದೇ ಪಾತ್ರ 30 ಬಾರಿ ಹಾರಿಸಿದರೆ ಎಲ್ಲೋ ಒಂದು ಕಡೆ ಸತತ ನಾಲ್ಕು ಗುಂಡುಗಳು ತಪ್ಪುವ ಸಂಭವ ಅರ್ಧಕ್ಕಿಂತ ಹೆಚ್ಚಿರುತ್ತದೆ, ಮತ್ತು ಆಟಗಾರರಿಗೆ ನೆನಪಿನಲ್ಲಿ ಉಳಿಯುವುದು ಆ ನಾಲ್ಕು ಮಾತ್ರ. ಹಾಗಾಗಿ ಕೆಲವು ಕೂಟಗಳ ಎಸೆತಗಳನ್ನು ಒಂದು ಹಾಳೆಯಲ್ಲಿ ಗುರುತಿಸಿಕೊಳ್ಳುವವರೆಗೆ ನಿಯಮವನ್ನು ಮುಟ್ಟಬೇಡಿ.

ಎಣಿಕೆಯಲ್ಲೂ ಕೊರತೆ ಕಂಡರೆ ದಾಳವನ್ನು ನೋಡಬೇಕು. ಗಾಢ ಉಪ್ಪುನೀರಿನಲ್ಲಿ ದಾಳವನ್ನು ತೇಲಿಬಿಟ್ಟು, ಮತ್ತೆ ಮತ್ತೆ ಒಂದೇ ಮುಖ ಮೇಲೆ ಬರುತ್ತದೆಯೇ ಎಂದು ನೋಡುವ ವಿಧಾನ ಜನಪ್ರಿಯವಾಗಿದೆ. ಅದು ಒಳಗಿನ ತೂಕದ ಅಸಮತೆಯನ್ನು ತೋರಿಸುತ್ತದೆಯೇ ಹೊರತು ಮುಖಗಳ ಗಾತ್ರದ ಅಸಮತೆಯನ್ನಲ್ಲ. ಅದಕ್ಕಿಂತ ನಂಬಬಹುದಾದದ್ದು ಎಸೆದು ನೋಡುವುದು: ಇಪ್ಪತ್ತು ಮುಖದ ದಾಳವನ್ನು 200 ಬಾರಿ ಎಸೆದರೆ ಪ್ರತಿ ಮುಖ ಸರಾಸರಿ 10 ಸಲ ಬರಬೇಕು, 4ರಿಂದ 16ರವರೆಗಿನ ಏರಿಳಿತ ಸಹಜ. ಒಂದು ಮುಖ 20 ದಾಟಿದರೆ ದಾಳವನ್ನು ಬದಲಾಯಿಸುವುದೇ ಅಗ್ಗದ ಪರಿಹಾರ.

ದಾಳವೂ ಸರಿಯಿದ್ದರೆ ಕಡಿತಗಳನ್ನು, ಅಂದರೆ ಕಷ್ಟದ ಸನ್ನಿವೇಶಕ್ಕೆಂದು ಕಳೆಯುವ ಅಂಕಗಳನ್ನು, ಪರಿಶೀಲಿಸಬೇಕು. ಒಂದೇ ಕಾರಣಕ್ಕೆ ಎರಡು ಬಾರಿ ಕಳೆಯುವುದು ಇಲ್ಲಿ ಮಾಮೂಲಿ ತಪ್ಪು: ಕತ್ತಲೆಗೆ ಒಂದು ಕಡಿತ, ಗುರಿ ಸರಿಯಾಗಿ ಕಾಣದ್ದಕ್ಕೆ ಇನ್ನೊಂದು. ಜೊತೆಗೆ, ಒಂದೇ ಕಡಿತ ಬೇರೆ ಬೇರೆ ದಾಳ ಪದ್ಧತಿಗಳಲ್ಲಿ ಬೇರೆ ಬೇರೆ ತೂಕದ್ದಾಗಿರುತ್ತದೆ. ಇಪ್ಪತ್ತು ಮುಖದ ದಾಳದಲ್ಲಿ 2 ಅಂಕ ಕಳೆದರೆ ಎಲ್ಲಿದ್ದರೂ ಶೇ. 10 ಹೋಗುತ್ತದೆ. ಆರು ಮುಖದ ಮೂರು ದಾಳಗಳ ಮೊತ್ತ ಗುರಿಸಂಖ್ಯೆಯಷ್ಟು ಅಥವಾ ಅದಕ್ಕಿಂತ ಕಡಿಮೆ ಬಂದರೆ ಗೆದ್ದಂತೆ ಎನ್ನುವ ಪದ್ಧತಿಯಲ್ಲಿ 16ರಿಂದ 14ಕ್ಕೆ ಇಳಿದವನು ಶೇ. 98ರಿಂದ 91ಕ್ಕೆ ಬಂದರೆ, 10ರಿಂದ 8ಕ್ಕೆ ಇಳಿದವನು ಶೇ. 50ರಿಂದ 26ಕ್ಕೆ ಕುಸಿಯುತ್ತಾನೆ. ನುರಿತವರಿಗೆ ತಟ್ಟದ ಕಡಿತ ಹೊಸಬರನ್ನು ಮುಳುಗಿಸುತ್ತಿದ್ದರೆ ದೋಷ ಇರುವುದು ಇಲ್ಲಿಯೇ.

ಲಕ್ಷಣ: ಮಧ್ಯಮ ದೂರದಲ್ಲಿ ಗುಂಡು ವಿಪರೀತ ತಗುಲುತ್ತದೆ, ಇನ್ನಷ್ಟು ದೂರದಲ್ಲಿ ಒಮ್ಮೆಲೇ ಶೂನ್ಯವಾಗುತ್ತದೆ

ಪ್ರತಿ ಹತ್ತು ಮೀಟರಿಗೆ ಇಂತಿಷ್ಟು ಎಂದು ಸಮನಾಗಿ ಕಳೆಯುವ ನಿಯಮದ ಗುರುತು ಇದು. ಕೈಯ ಅಲುಗಾಟವೆನ್ನುವುದು ಮೂಲತಃ ಒಂದು ಕೋನ. ಅದೇ ಕೋನ ದೂರ ಹೆಚ್ಚಿದಂತೆ ಗುರಿಯ ಮೇಲೆ ಹೆಚ್ಚು ಅಗಲಕ್ಕೆ ಹರಡುತ್ತದೆ. ಈ ಕೋನವನ್ನು ಮಿಲ್ ಎಂಬ ಮಾನದಲ್ಲಿ ಅಳೆದರೆ ಲೆಕ್ಕ ಸುಲಭ, ಏಕೆಂದರೆ 1 ಮಿಲ್ ಎಂದರೆ 100 ಮೀಟರಿನಲ್ಲಿ 10 ಸೆಂಟಿಮೀಟರ್. ಗುಂಡುಗಳು ಗುರಿಬಿಂದುವಿನ ಸುತ್ತ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತವೆಂದು ಭಾವಿಸಿದರೆ, ಗುರಿಯ ತ್ರಿಜ್ಯದ ವರ್ಗವನ್ನು ಹರಡಿಕೆಯ ವರ್ಗದ ಎರಡರಷ್ಟರಿಂದ ಭಾಗಿಸಿ, ಬಂದ ಸಂಖ್ಯೆಗೆ ಋಣಚಿಹ್ನೆ ಸೇರಿಸಿ, ಸ್ಪ್ರೆಡ್‌ಶೀಟಿನ ಎಕ್ಸ್‌ಪೊನೆನ್ಷಿಯಲ್ ಫಂಕ್ಷನ್‌ಗೆ ಕೊಟ್ಟು, ಉತ್ತರವನ್ನು ಒಂದರಿಂದ ಕಳೆದರೆ ತಗುಲುವ ಸಂಭವ ಸಿಗುತ್ತದೆ. ಇಲ್ಲಿ ಹರಡಿಕೆ ಎಂದರೆ ಅಡ್ಡ ಮತ್ತು ಉದ್ದ ದಿಕ್ಕುಗಳಲ್ಲಿ ತಲಾ ಒಂದರ ಮಾನಕ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್), ಅಂದರೆ ಗುಂಡುಗಳು ಗುರಿಬಿಂದುವಿನಿಂದ ಸಾಮಾನ್ಯವಾಗಿ ಎಷ್ಟು ಸರಿದು ಬೀಳುತ್ತವೆಂಬ ಅಳತೆ. ನಿಂತು, ಆತುರವಿಲ್ಲದೆ ರೈಫಲ್ ಹಾರಿಸುವ ಸಾಧಾರಣ ಪಾತ್ರಕ್ಕೆ 4 ಮಿಲ್ ಎಂದು ಆಟದ ಮಟ್ಟಿಗೆ ಇಟ್ಟುಕೊಂಡರೆ ಬರುವ ಅಂಕಿಗಳು ಹೀಗಿವೆ:

| ದೂರ | ಹರಡಿಕೆ | ಎದೆ (ತ್ರಿಜ್ಯ 20 ಸೆಂ.ಮೀ.) | ತಲೆ (ತ್ರಿಜ್ಯ 9 ಸೆಂ.ಮೀ.) |
|---|---|---|---|
| 10 ಮೀ. | 4 ಸೆಂ.ಮೀ. | ಶೇ. 99ಕ್ಕೂ ಹೆಚ್ಚು | ಶೇ. 92 |
| 25 ಮೀ. | 10 ಸೆಂ.ಮೀ. | ಶೇ. 86 | ಶೇ. 33 |
| 50 ಮೀ. | 20 ಸೆಂ.ಮೀ. | ಶೇ. 39 | ಶೇ. 10 |
| 100 ಮೀ. | 40 ಸೆಂ.ಮೀ. | ಶೇ. 12 | ಶೇ. 2.5 |
| 200 ಮೀ. | 80 ಸೆಂ.ಮೀ. | ಶೇ. 3 | ಶೇ. 0.6 |

25 ಮೀಟರಿನ ಶೇ. 86ರಿಂದ ಹೊರಟು ಪ್ರತಿ 10 ಮೀಟರಿಗೆ ಶೇ. 5 ಕಳೆಯುವ ನಿಯಮ 50 ಮೀಟರಿಗೆ ಸುಮಾರು 73, 100 ಮೀಟರಿಗೆ 48, 200 ಮೀಟರಿಗೆ ಸೊನ್ನೆ ಎನ್ನುತ್ತದೆ. ನಡುವೆ ಉದಾರವಾಗಿ, ಕೊನೆಯಲ್ಲಿ ನಿರ್ದಯವಾಗಿ ವರ್ತಿಸುವುದು ಇದರಿಂದಾಗಿಯೇ. ಗುರಿಗಿಂತ ಹರಡಿಕೆ ದೊಡ್ಡದಾದ ಮೇಲೆ ದೂರ ಎರಡರಷ್ಟಾದಾಗಲೆಲ್ಲ ಸಂಭವ ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ, ಆದರೆ ಪೂರ್ಣವಾಗಿ ಅಳಿದುಹೋಗುವುದಿಲ್ಲ. ಹೀಗಾಗಿ ದೂರದ ಪಟ್ಟಿಗಳನ್ನು 25, 50, 100, 200 ಎಂದು ಇಮ್ಮಡಿಸುತ್ತ ಹೋಗುವುದು ಸರಿಯಾದ ಚಿಕಿತ್ಸೆ. ಮೂರು ದಾಳಗಳ ಪದ್ಧತಿಯಲ್ಲಿ ಇವಕ್ಕೆ ಕ್ರಮವಾಗಿ 13, 9, 7, 5 ಎಂಬ ಗುರಿಸಂಖ್ಯೆಗಳನ್ನು ಕೊಟ್ಟರೆ ಶೇ. 84, 38, 16, 5 ಸಿಗುತ್ತದೆ. ಮೇಜಿನ ಮೇಲೆ ಇಷ್ಟು ಹೊಂದಿಕೆ ಸಾಕು.

ಲಕ್ಷಣ: ದುಬಾರಿ ರೈಫಲ್ ಕೊಂಡ ಕೂಡಲೇ ಸಾಧಾರಣ ಪಾತ್ರ ಗುರಿಕಾರನಾಗಿಬಿಡುತ್ತದೆ

ಬಂದೂಕಿಗೆ "ನಿಖರತೆ +3" ಎಂಬಂಥ ಅಂಕ ಕೊಟ್ಟು ಅದನ್ನು ನೇರವಾಗಿ ನೈಪುಣ್ಯಕ್ಕೆ ಕೂಡಿಸುವ ನಿಯಮಗಳಲ್ಲಿ ಇದು ಕಾಣಿಸುತ್ತದೆ. ಮೊದಲು ಮಾನದ ಗೊಂದಲವನ್ನು ಬಿಡಿಸಿಕೊಳ್ಳಬೇಕು. ರೈಫಲ್ಲುಗಳ ವಿವರಪಟ್ಟಿಯಲ್ಲಿ ಬರುವ ಎಂಒಎ (ಮಿನಿಟ್ ಆಫ್ ಆಂಗಲ್) ಎಂಬುದು ಒಂದು ಡಿಗ್ರಿ ಕೋನದ ಅರವತ್ತನೇ ಒಂದು ಭಾಗ. 100 ಮೀಟರಿನಲ್ಲಿ ಅದು ಸುಮಾರು 29 ಮಿಲಿಮೀಟರ್. "2 ಎಂಒಎ ರೈಫಲ್" ಎಂದಾಗ ಸಾಮಾನ್ಯವಾಗಿ ಹೇಳುತ್ತಿರುವುದು ಕೆಲವು ಗುಂಡುಗಳ ಗುಂಪಿನಲ್ಲಿ ಅತಿ ದೂರದ ಎರಡು ರಂಧ್ರಗಳ ನಡುವಿನ ಅಂತರವನ್ನು, ಹರಡಿಕೆಯನ್ನಲ್ಲ. ಐದು ಗುಂಡುಗಳ ಗುಂಪಾದರೆ ಆ ಅಂತರ ಸರಾಸರಿಯಲ್ಲಿ ಹರಡಿಕೆಯ ಸುಮಾರು 3.07 ಪಟ್ಟು, ಮೂರು ಗುಂಡುಗಳದ್ದಾದರೆ 2.4 ಪಟ್ಟು. ಗುಂಪಿನ ಅಂತರವನ್ನೇ ಹರಡಿಕೆಯೆಂದು ಸೂತ್ರಕ್ಕೆ ತುಂಬಿದವರ ಬಂದೂಕುಗಳು ಮೂರು ಪಟ್ಟು ಕೆಟ್ಟದಾಗಿ ಕಾಣುತ್ತವೆ.

ಈಗ ಕೂಡಿಸುವ ವಿಧಾನ. ಸ್ವತಂತ್ರವಾದ ಎರಡು ಹರಡಿಕೆಗಳನ್ನು ನೇರವಾಗಿ ಕೂಡಿಸಬಾರದು. ಅವುಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು. ಮೇಲಿನ 4 ಮಿಲ್ ಕೈಯ ಪಾತ್ರಕ್ಕೆ 2 ಎಂಒಎ ರೈಫಲ್ ಕೊಟ್ಟರೆ 100 ಮೀಟರಿನಲ್ಲಿ ಎದೆಗೆ ತಗುಲುವ ಸಂಭವ ಶೇ. 11.7; 6 ಎಂಒಎ ಹರಡುವ ಹಳೆಯ ಬಂದೂಕು ಕೊಟ್ಟರೆ ಶೇ. 11.5. ಅಂದರೆ ನಿಂತು ಹಾರಿಸುವವರಿಗೆ ಬಂದೂಕಿನ ಬೆಲೆಯಿಂದ ಯಾವ ವ್ಯತ್ಯಾಸವೂ ಆಗದು. ಅದೇ ಪಾತ್ರ ನೆಲದ ಮೇಲೆ ಮಲಗಿ, ಮರಳಿನ ಮೂಟೆಯ ಮೇಲೆ ನಳಿಗೆಯನ್ನು ಊರಿ, ಕೈಯ ಅಲುಗಾಟವನ್ನು 0.3 ಮಿಲ್‌ಗೆ ಇಳಿಸಿಕೊಂಡು 300 ಮೀಟರಿಗೆ ಗುರಿಯಿಟ್ಟರೆ ಚಿತ್ರವೇ ಬದಲಾಗುತ್ತದೆ: 2 ಎಂಒಎ ರೈಫಲ್ಲಿನಲ್ಲಿ ಶೇ. 83, 6 ಎಂಒಎ ಬಂದೂಕಿನಲ್ಲಿ ಶೇ. 42ರ ಆಸುಪಾಸು. ಆದುದರಿಂದ ಬಂದೂಕಿನ ನಿಖರತೆಯ ಅಂಕವನ್ನು ತೆಗೆದುಹಾಕಬೇಕಿಲ್ಲ. ಆಸರೆಯ ಮೇಲಿಟ್ಟು, ಸಮಯ ತೆಗೆದುಕೊಂಡು ಗುರಿಯಿಟ್ಟಾಗ ಮಾತ್ರ ಅದು ಸಿಗುವಂತೆ ಮಾಡಿದರೆ ಸಾಕು. ಇಡೀ ನಿಯಮಾವಳಿಯಲ್ಲಿ ಒಂದೇ ಒಂದು ತಿದ್ದುಪಡಿ ಮಾಡಲು ಪುರುಸೊತ್ತಿದೆ ಎನ್ನುವವರಿಗೆ ನನ್ನ ಸಲಹೆ ಇದೇ.

ಲಕ್ಷಣ: ಕೋಣೆಯೊಳಗಿನ ಕಾಳಗದಲ್ಲಿ ಪ್ರತಿ ಗುಂಡೂ ತಗುಲುತ್ತದೆ, ಕಾಳಗ ಎರಡು ಸುತ್ತಿನಲ್ಲಿ ಮುಗಿಯುತ್ತದೆ

ಹತ್ತು ಮೀಟರಿನಲ್ಲಿ ಶೇ. 99 ಎಂಬ ಅಂಕಿ ಗುರಿಫಲಕದ ಮುಂದೆ ನಿಂತವರದ್ದು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ. ಅಲ್ಲಿ ಕಾಯಿ ಕದಲುವುದಿಲ್ಲ, ಮರಳಿ ಗುಂಡು ಹಾರಿಸುವುದೂ ಇಲ್ಲ, ಮತ್ತು ಹೊಡೆಯುವವರು ಉಸಿರು ಹಿಡಿದು ಕೋವಿಯನ್ನು ಸ್ಥಿರಗೊಳಿಸಿಕೊಳ್ಳುವಷ್ಟು ವ್ಯವಧಾನವಿರುತ್ತದೆ. ಕಾಳಗದಲ್ಲಿ ಈ ಮೂರೂ ಇರುವುದಿಲ್ಲ. ನ್ಯೂಯಾರ್ಕ್ ನಗರದ ಪೊಲೀಸರ ಬಗ್ಗೆ ಸಂಶೋಧನೆಗೇ ಮೀಸಲಾದ ಅಮೆರಿಕದ ರ‍್ಯಾಂಡ್ ಸಂಸ್ಥೆ ನಡೆಸಿದ ಅಧ್ಯಯನದ ಪ್ರಕಾರ, 1998ರಿಂದ 2006ರವರೆಗಿನ ಘಟನೆಗಳಲ್ಲಿ ಎದುರಾಳಿಯೂ ಗುಂಡು ಹಾರಿಸುತ್ತಿದ್ದಾಗ ಪೊಲೀಸರ ಗುಂಡುಗಳಲ್ಲಿ ಸರಾಸರಿ ಶೇ. 18 ಮಾತ್ರ ತಗುಲಿದ್ದವು. ಎದುರಾಳಿ ಹಾರಿಸದಿದ್ದಾಗ ಶೇ. 30. ಏಳು ಗಜದೊಳಗೆ, ಅಂದರೆ ಸುಮಾರು 6.4 ಮೀಟರಿನೊಳಗೆ, ಶೇ. 37, ಅದರಾಚೆ ಶೇ. 23. ಇವರು ತರಬೇತಾದವರು ಎಂಬುದನ್ನು ಗಮನಿಸಬೇಕು.

ಈ ಅಂಕಿಯನ್ನು ಹಿಂದಿನ ಸೂತ್ರಕ್ಕೆ ತಿರುಗುಮುರುಗಾಗಿ ಹಾಕಿ ನೋಡಿದರೆ ದೋಷ ಎಲ್ಲಿದೆಯೆಂದು ತಿಳಿಯುತ್ತದೆ. ಐದು ಮೀಟರಿನಲ್ಲಿ 20 ಸೆಂಟಿಮೀಟರ್ ತ್ರಿಜ್ಯದ ಗುರಿಗೆ ಶೇ. 37 ಬರಬೇಕಾದರೆ ಹರಡಿಕೆ ಸುಮಾರು 21 ಸೆಂಟಿಮೀಟರ್, ಅಂದರೆ 42 ಮಿಲ್ ಇರಬೇಕು. ಕೈಯಲ್ಲಿರುವುದು ರೈಫಲ್ ಅಲ್ಲ, ಪಿಸ್ತೂಲು ಎಂಬ ರಿಯಾಯಿತಿ ಕೊಟ್ಟರೂ, ಶಾಂತವಾಗಿ ನಿಂತವರ ಹರಡಿಕೆಗಿಂತ ಇದು ಹತ್ತು ಪಟ್ಟಿನಷ್ಟು ದೊಡ್ಡದು. ಆದ್ದರಿಂದ "ಒತ್ತಡಕ್ಕೆ 2 ಅಂಕ ಕಡಿತ" ಎಂಬ ಸಣ್ಣ ತೇಪೆ ಇಲ್ಲಿ ಸಾಲದು. ಒತ್ತಡವನ್ನು ಹರಡಿಕೆಯ ಗುಣಕವಾಗಿಯೇ ಹಿಡಿಯಬೇಕು. ಮೇಜಿನ ಮೇಲೆ ಇದನ್ನು ಸರಳಗೊಳಿಸಲು, ಪಾತ್ರದ ಮೇಲೆ ಗುಂಡು ಬರುತ್ತಿರುವಾಗ ದೂರವನ್ನು ಮೂರು ಪಟ್ಟಿ, ಅಂದರೆ ಮೇಲಿನ ಕೋಷ್ಟಕದ ಮೂರು ಸಾಲು, ಆಚೆಗೆ ಓದಿಕೊಳ್ಳಬಹುದು: 10 ಮೀಟರಿನವನನ್ನು 100 ಮೀಟರಿನಲ್ಲಿದ್ದಂತೆ. ಅನುಭವಿ ಪಾತ್ರಗಳಿಗೆ ಒಂದು ಪಟ್ಟಿ ಕಡಿಮೆ ಮಾಡಿದರೆ, ನೈಪುಣ್ಯಕ್ಕೂ ತಣ್ಣನೆಯ ತಲೆಗೂ ಇರುವ ಭೇದ ಆಟದಲ್ಲಿ ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಹೀಗೆ ಮಾಡಿದ ಮೇಲೆ ಕಾಳಗ ಸಪ್ಪೆಯಾಯಿತೆಂಬ ದೂರು ಬಂದರೆ ಆಶ್ಚರ್ಯಪಡಬೇಕಿಲ್ಲ. ಸಾಹಸಪ್ರಧಾನ ಆಟದಲ್ಲಿ ಗುಣಕವನ್ನು ತಗ್ಗಿಸುವುದು ಗೇಮ್ ಮಾಸ್ಟರ್ ಬೇಕೆಂದೇ ಮಾಡುವ ಆಯ್ಕೆ. ಅದನ್ನು ದೋಷವೆಂದು ಎಣಿಸಬಾರದು.

ಲಕ್ಷಣ: ಎಲ್ಲರೂ ಯಾವಾಗಲೂ ತಲೆಗೇ ಗುರಿಯಿಡುತ್ತಾರೆ

ತಲೆಗೆ ಗುರಿಯಿಟ್ಟರೆ ಸ್ಥಿರ ಕಡಿತ, ತಗುಲಿದರೆ ಎರಡು ಪಟ್ಟು ಹಾನಿ: ಈ ಜೋಡಿ ನಿಯಮ ಇರುವಲ್ಲೆಲ್ಲ ಈ ಲಕ್ಷಣ ಹುಟ್ಟುತ್ತದೆ. ಹಾನಿಯ ಗುಣಕ ಎರಡಾಗಿದ್ದು, ತಲೆಗೆ ತಗುಲುವ ಸಂಭವ ಎದೆಯದರ ಅರ್ಧಕ್ಕಿಂತ ಹೆಚ್ಚಿದ್ದರೆ ತಲೆಗೇ ಹೊಡೆಯುವುದು ಲಾಭ ಎಂದು ಯಾವ ಆಟಗಾರರಾದರೂ ಲೆಕ್ಕ ಹಾಕುತ್ತಾರೆ. ಮೇಲಿನ ಕೋಷ್ಟಕದ ಕೊನೆಯ ಎರಡು ಕಂಬಸಾಲುಗಳನ್ನು ಹೋಲಿಸಿ ನೋಡಿದರೆ ಆ ಅನುಪಾತ ಸ್ಥಿರವಲ್ಲ ಎಂಬುದು ಗೊತ್ತಾಗುತ್ತದೆ. 10 ಮೀಟರಿನಲ್ಲಿ ಅದು ಹತ್ತರಲ್ಲಿ ಒಂಬತ್ತು ಪಾಲು, 25 ಮೀಟರಿನಲ್ಲಿ ಐದರಲ್ಲಿ ಎರಡು, 50 ಮೀಟರಿನಲ್ಲಿ ಕಾಲುಪಾಲು, ಅಲ್ಲಿಂದಾಚೆಗೆ ಐದನೇ ಒಂದು ಪಾಲಿಗೆ ಬಂದು ನಿಲ್ಲುತ್ತದೆ, ಏಕೆಂದರೆ ದೂರದಲ್ಲಿ ಲೆಕ್ಕಕ್ಕೆ ಬರುವುದು ಎರಡೂ ಗುರಿಗಳ ವಿಸ್ತೀರ್ಣದ ಅನುಪಾತ ಮಾತ್ರ.

ಪರಿಹಾರವೂ ಇದರಲ್ಲೇ ಇದೆ. ಎದೆಗೆ ತಗುಲುವ ಸಂಭವ ಶೇ. 95 ದಾಟಿದ್ದರೆ ತಲೆಯ ಗುರಿಗೆ ಕಡಿತ ಬೇಡ, ಶೇ. 85ರ ಸುಮಾರಿಗಿದ್ದರೆ ತಲೆಯ ಸಂಭವವನ್ನು ಎದೆಯದರ ಅರ್ಧಕ್ಕಿಂತ ಸ್ವಲ್ಪ ಕೆಳಗಿಡಬೇಕು, ಶೇ. 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಎದೆಯದರ ಕಾಲುಭಾಗ ಮಾಡಬೇಕು. ಒತ್ತಡದ ಗುಣಕ ಸೇರಿದಾಗ ಹತ್ತು ಮೀಟರಿನಲ್ಲೂ ಎದೆಯ ಸಂಭವ ಶೇ. 11ರ ಹತ್ತಿರಕ್ಕೂ ತಲೆಯದು ಶೇ. 2ರ ಹತ್ತಿರಕ್ಕೂ ಕುಸಿಯುವುದರಿಂದ, ಆಟಗಾರರು ತಾವಾಗಿಯೇ ಎದೆಗೆ ಗುರಿಯಿಡತೊಡಗುತ್ತಾರೆ. ತಲೆಗೆ ತಪ್ಪಿದ ಗುಂಡನ್ನು ತಾನಾಗಿ ಎದೆಗೆ ಇಳಿಸುವ ಉದಾರ ನಿಯಮವಿದ್ದರೆ ಅದನ್ನು ಮೊದಲು ತೆಗೆದುಹಾಕಿ. ತಪ್ಪಿದ ಗುಂಡು ಮೇಲಕ್ಕೂ ಪಕ್ಕಕ್ಕೂ ಹೋಗುತ್ತದೆ, ಕೆಳಗೆ ಹೋದದ್ದರಲ್ಲಿ ಒಂದಿಷ್ಟು ಮಾತ್ರ ಕುತ್ತಿಗೆಗೋ ಭುಜಕ್ಕೋ ತಗುಲುತ್ತದೆ.

ಲಕ್ಷಣ: ಎರಡು ಮಾರು ದೂರದಿಂದ ಎದೆಗೆ ಹೊಡೆದರೂ ಗುಂಡು ಮೊಣಕಾಲಿಗೆ ತಗುಲುತ್ತದೆ

ಜಾಗ ಸೂಚಿಸುವ ಎಸೆತ, ತಗುಲುವ ಎಸೆತದೊಂದಿಗೆ ಯಾವ ಸಂಬಂಧವೂ ಇಲ್ಲದೆ ನಡೆಯುತ್ತಿದೆ ಎಂದರ್ಥ. ಇಂಥ ಕೋಷ್ಟಕಗಳು ದೇಹದ ಕಾಣುವ ವಿಸ್ತೀರ್ಣವನ್ನು ಆಧರಿಸಿರುತ್ತವೆ. ಸೇನಾ ವೈದ್ಯಕೀಯದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜಿನಂತೆ ತಲೆ ಮತ್ತು ಕುತ್ತಿಗೆ ಶೇ. 12, ಎದೆ ಶೇ. 16, ಹೊಟ್ಟೆ ಶೇ. 11, ತೋಳುಗಳು ಶೇ. 22, ಕಾಲುಗಳು ಶೇ. 39. ಸಿಡಿದ ಬಾಂಬಿನ ಚೂರುಗಳಿಗೆ, ಗುರಿಯಿಲ್ಲದೆ ಹಾರಿಸಿದ ಗುಂಡಿಗೆ, ಹರಡಿಕೆ ಇಡೀ ದೇಹಕ್ಕಿಂತ ದೊಡ್ಡದಾಗಿರುವ ದೂರಕ್ಕೆ ಈ ಹಂಚಿಕೆ ಸರಿಹೊಂದುತ್ತದೆ. ಹತ್ತು ಸೆಂಟಿಮೀಟರ್ ಹರಡಿಕೆಯಿಂದ ಎದೆಗೆ ಗುರಿಯಿಟ್ಟವನ ಗುಂಡು ಮೊಣಕಾಲಿಗೆ ಹೋಗಲು ಎಡೆಯೇ ಇಲ್ಲ.

ಹೊಸ ಕೋಷ್ಟಕ ಬರೆಯುವುದಕ್ಕಿಂತ ಸುಲಭವಾದ ದಾರಿಯೆಂದರೆ, ಎಷ್ಟು ಅಂತರದಿಂದ ಗೆದ್ದರೆಂಬುದನ್ನೇ ಜಾಗ ಹೇಳಲು ಬಳಸುವುದು. ಬೇಕಾದದ್ದಕ್ಕಿಂತ ಮೂರು ಅಂಕ ಅಥವಾ ಹೆಚ್ಚು ಅಂತರದಲ್ಲಿ ಗೆದ್ದರೆ ಗುರಿಯಿಟ್ಟ ಜಾಗಕ್ಕೇ; ಒಂದು ಅಥವಾ ಎರಡು ಅಂಕದಲ್ಲಿ ಗೆದ್ದರೆ ಅದರ ಪಕ್ಕದ ಜಾಗಕ್ಕೆ; ಅಂಚಿನಲ್ಲಿ ಗೆದ್ದರೆ ಮಾತ್ರ ವಿಸ್ತೀರ್ಣದ ಕೋಷ್ಟಕವನ್ನು ನೋಡುವುದು. ಬಹುಪಾಲು ಸಂದರ್ಭಗಳಲ್ಲಿ ಇದರಿಂದ ಒಂದು ಎಸೆತವೇ ಉಳಿಯುತ್ತದೆ.

ಲಕ್ಷಣ: ಸೊಂಟದೆತ್ತರದ ಗೋಡೆಯ ಹಿಂದೆ ನಿಂತವರಿಗೆ ಬಯಲಲ್ಲಿ ನಿಂತವರಿಗಿಂತ ಹೆಚ್ಚು ತಲೆಗಾಯ

ಮರೆಯಲ್ಲಿರುವ ಕಾಲು ಬಂದರೆ ಮತ್ತೊಮ್ಮೆ ಎಸೆಯಿರಿ ಎಂಬ ಒಂದು ಸಾಲೇ ಇದಕ್ಕೆ ಕಾರಣ. ಕಾಲುಗಳ ಶೇ. 39 ಮತ್ತು ಹೊಟ್ಟೆಯ ಶೇ. 11 ಮರೆಯಾದರೆ ಉಳಿಯುವುದು ಅರ್ಧ. ಮರಳಿ ಎಸೆದಾಗ ತಲೆಯ ಶೇ. 12 ತಾನಾಗಿ ಶೇ. 24 ಆಗುತ್ತದೆ, ಆದರೆ ತಗುಲುವ ಒಟ್ಟು ಸಂಭವ ಮಾತ್ರ ಕಡಿಮೆಯಾಗುವುದೇ ಇಲ್ಲ. ಮರೆಯ ಭಾಗ ಬಂದರೆ ಗುಂಡು ಗೋಡೆಗೆ ತಗುಲಿತೆಂದು ಹೇಳಿ ಮುಂದುವರಿಯುವುದೇ ಸರಿ. ಹೀಗೆ ಮಾಡುವಾಗ ಮರೆಗೆಂದು ಇಟ್ಟಿದ್ದ ಪ್ರತ್ಯೇಕ ಕಡಿತವನ್ನು ತೆಗೆದುಹಾಕಬೇಕು, ಇಲ್ಲವಾದರೆ ಗೋಡೆ ಎರಡು ಬಾರಿ ರಕ್ಷಿಸಿದಂತಾಗುತ್ತದೆ. ಹಾರಿಸುವವರು ಕಾಣುವ ಭಾಗಕ್ಕೇ ಗುರಿಯಿಟ್ಟಿದ್ದಾರೆಂದು ಹೇಳಿದರೆ ಇದನ್ನು ಬಿಟ್ಟು, ಚಿಕ್ಕ ಗುರಿಯ ಲೆಕ್ಕವನ್ನು ಹಿಡಿಯಬೇಕು. ಗೋಡೆ ಗುಂಡನ್ನು ತಡೆಯುವಷ್ಟು ಗಟ್ಟಿಯೇ ಎಂಬುದು ಬೇರೆ ಪ್ರಶ್ನೆ. ಮಣ್ಣಿನ ಗೋಡೆಗೂ ಪ್ಲೈವುಡ್ ಹಲಗೆಗೂ ಒಂದೇ ಮರ್ಯಾದೆ ಕೊಡಬಾರದು.

ಲಕ್ಷಣ: ಆಟೋಮ್ಯಾಟಿಕ್ ಬಂದೂಕಿನ ಒಂದು ಸರಣಿಗೆ ಯಾರೂ ಉಳಿಯುವುದಿಲ್ಲ

ಸರಣಿಯ ಪ್ರತಿ ಗುಂಡಿಗೂ ಪ್ರತ್ಯೇಕವಾಗಿ ದಾಳ ಎಸೆಯುವುದು ಇಲ್ಲಿನ ತಪ್ಪು. ಗುರಿಯಿಟ್ಟ ದಿಕ್ಕೇ ತಪ್ಪಾಗಿದ್ದರೆ ಆ ತಪ್ಪನ್ನು ಸರಣಿಯ ಎಲ್ಲ ಗುಂಡುಗಳೂ ಹಂಚಿಕೊಳ್ಳುತ್ತವೆ, ಜೊತೆಗೆ ಬಂದೂಕು ಹಿಂದಕ್ಕೆ ಒದೆಯುವುದರಿಂದ ನಳಿಗೆ ಗುರಿಬಿಟ್ಟು ಸರಿಯುತ್ತ ಹೋಗುತ್ತದೆ. ಹಾಗಾಗಿ ಒಂದೇ ಎಸೆತ ಮಾಡಿ, ಗೆದ್ದ ಅಂತರಕ್ಕೆ ಅನುಗುಣವಾಗಿ ಒಂದೋ ಎರಡೋ ಹೆಚ್ಚುವರಿ ಗುಂಡು ತಗುಲಿತೆಂದು ಲೆಕ್ಕಹಾಕಬೇಕು.

ಲಕ್ಷಣ: ಹದಿನೆಂಟನೇ ಶತಮಾನದ ಮಸ್ಕೆಟ್ ಇಂದಿನ ರೈಫಲ್ಲಿನಂತೆ ವರ್ತಿಸುತ್ತದೆ

1799ರ ಶ್ರೀರಂಗಪಟ್ಟಣದ ಮುತ್ತಿಗೆಯಂತಹ ಹಿನ್ನೆಲೆಯಲ್ಲಿ ಆಟ ಕಟ್ಟುವವರಿಗೆ ಈ ಮಾತು. ಬ್ರಿಟಿಷ್ ಮಸ್ಕೆಟ್ಟಿನ ನಳಿಗೆಯ ಒಳವ್ಯಾಸ 0.75 ಅಂಗುಲವಾಗಿದ್ದರೆ ಸೀಸದ ಗುಂಡಿನದ್ದು ಸುಮಾರು 0.69 ಅಂಗುಲ, ಬೇಗ ತುಂಬಲೆಂದು ಬಿಟ್ಟ ಈ ಸಡಿಲದಿಂದಾಗಿ ಗುಂಡು ನಳಿಗೆಯೊಳಗೆ ಬಡಿದಾಡುತ್ತ ಹೊರಬರುತ್ತಿತ್ತು. ಆ ಕಾಲದ ಪ್ರಷ್ಯನ್ ಪರೀಕ್ಷೆಯೊಂದರಲ್ಲಿ 100 ಅಡಿ ಉದ್ದ, 6 ಅಡಿ ಎತ್ತರದ ಬಟ್ಟೆಯ ಪರದೆಗೆ ಸಾಲುಸೈನಿಕರು ಹಾರಿಸಿದಾಗ 75 ಗಜದಲ್ಲಿ ಶೇ. 60, 150 ಗಜದಲ್ಲಿ ಶೇ. 40, 225 ಗಜದಲ್ಲಿ ಶೇ. 25 ಗುಂಡುಗಳು ತಗುಲಿದವು. ಗುರಿ ಒಬ್ಬ ಮನುಷ್ಯನದ್ದಲ್ಲ, ಒಂದು ಇಡೀ ಸಾಲಿನ ಅಗಲದ್ದು ಎಂಬುದನ್ನು ಮರೆಯಬಾರದು. ಇಲ್ಲಿ ಬಂದೂಕಿನ ಸ್ವಂತ ಹರಡಿಕೆಯ ತೂಕ ಎಷ್ಟೆಂದರೆ, ಆಸರೆಯ ಮೇಲಿಟ್ಟು ಗುರಿಯಿಡುವುದಕ್ಕೆ ಹೆಚ್ಚಿನ ಅಂಕ ಕೊಡಬೇಕಾಗಿಲ್ಲ. ಒಬ್ಬೊಬ್ಬರ ಎಸೆತಕ್ಕಿಂತ ಇಡೀ ತುಕಡಿಯ ಒಂದು ಎಸೆತವೇ ಸಹಜವೆನಿಸುತ್ತದೆ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಒಂದು ಗುಂಡಿನ ಫಲಿತಾಂಶ ತಿಳಿಯಲು ಮೂರಕ್ಕಿಂತ ಹೆಚ್ಚು ಸಲ ದಾಳ ಎಸೆಯಬೇಕಾಗಿ ಬಂದಾಗ ತಿದ್ದುಪಡಿ ಅತಿಯಾಗಿದೆ. ಕೊನೆಯದಾಗಿ ಸೇರಿಸಿದ ನಿಯಮವನ್ನು ಕಿತ್ತುಹಾಕಿ. ಬದಲಾವಣೆಯನ್ನು ಆಟಗಾರರಿಗೆ ತಿಳಿಸದೆ ಒಂದು ಕೂಟ ನಡೆಸಿದಾಗ ಯಾರೂ ಅದನ್ನು ಗುರುತಿಸದಿದ್ದರೆ, ಆ ಬದಲಾವಣೆ ಬೇಕಿರಲಿಲ್ಲ. ದೂರು ತಗುಲುವುದರ ಬಗ್ಗೆ ಇರದೆ ತಗುಲಿದ ಮೇಲೆ ಪಾತ್ರಗಳು ಬೇಗ ಸಾಯುತ್ತವೆ ಎಂಬುದಾಗಿದ್ದರೆ ಅದು ಹಾನಿಯ ನಿಯಮದ ದೋಷ. ನಿಖರತೆಯನ್ನು ತಗ್ಗಿಸಿ ಅದನ್ನು ಮುಚ್ಚಲು ಹೋದರೆ ಎರಡೂ ಕೆಡುತ್ತವೆ.

ಸ್ಪ್ರೆಡ್‌ಶೀಟಿನ ಅಂಕಿಗೂ ಮೇಜಿನ ಮೇಲಿನ ಎಣಿಕೆಗೂ ನೂರಾರು ಎಸೆತಗಳ ನಂತರವೂ ತಾಳೆಯಾಗದಿದ್ದರೆ ಸಂಖ್ಯಾಶಾಸ್ತ್ರ ಓದಿದವರೊಬ್ಬರಿಗೆ ಲೆಕ್ಕವನ್ನು ತೋರಿಸುವುದು ಒಳಿತು. ಬಂದೂಕು ಹಿಡಿಯುವ ಅನುಭವದ ಬಗ್ಗೆ ಸಂಶಯವಿದ್ದರೆ ಶೂಟಿಂಗ್ ಕ್ರೀಡೆಯಲ್ಲಿ ತೊಡಗಿದವರನ್ನು ಮಾತಿನಲ್ಲಿ ಕೇಳಿದರೆ ಸಾಕು. ಅವರಿಂದ ತಿಳಿಯಬೇಕಾದದ್ದು ಎರಡೇ: ನಿಂತು ಹಾರಿಸಿದಾಗ ಮತ್ತು ಆಸರೆಯ ಮೇಲಿಟ್ಟು ಹಾರಿಸಿದಾಗ ಅವರ ಗುಂಡುಗಳ ಗುಂಪು ಎಷ್ಟು ಅಗಲಕ್ಕೆ ಬೀಳುತ್ತದೆ, ಮತ್ತು ಆ ಗುಂಪಿನಲ್ಲಿ ಎಷ್ಟು ಗುಂಡುಗಳಿದ್ದವು.